ಬಾತು ತರೋರು ಒಬ್ಬರು, ನೀರು ಹೊರೋರು ಇನ್ನೊಬ್ಬರು

ನಮ್ಮ ಸವಣೂರ ಕಡೆ ಈಗೊಂದು ಹೊಸಾ ಗೀಳು ಶುರು ಆಗೇತಿ. ಹಿತ್ತಲದಾಗ ನಾಕು ಜವಾರಿ ಕೋಳಿ ಇದ್ದ ಮನಿಗೆಲ್ಲಾ ಬಾತುಕೋಳಿ ಮರಿ ತಂದು ಬಿಡಾಕತ್ತಾರ. ಮೊಬೈಲ್ ವಿಡಿಯೋದಾಗ ಯಾರೋ ಒಬ್ಬಾಂವ ಶೆಡ್ ಮುಂದ ನಿಂತು "ಒಂದ ಗೂಡು, ಒಂದ ಕಾಳು, ಎರಡು ಲಾಭ" ಅಂತಾನ. ಮನಿ ಯಜಮಾನ್ರು ಊಟಕ್ಕ ಕುಂತಾಗ ಅದನ್ನ ನೋಡ್ತಾರ, ಮರದಿನ ರಟ್ಟಿನ ಡಬ್ಬಿಯೊಳಗ ಹತ್ತು ಮರಿ ತಂದು ಅಡಗಿಮನಿ ಬಾಗಲದಾಗ ಇಡ್ತಾರ. "ನಿನ್ನ ಕೋಳಿ ಕೂಡ ಬಿಡು, ಅವುಕ್ಕೇನ್ ಬ್ಯಾರೆ ಖರ್ಚಿಲ್ಲ" ಅಂತ ಹೇಳಿ ಅಂಗಿ ಹಾಕ್ಕೊಂಡು ಹೊರಗ ಹೊಂಟ್ರಂದ್ರ ಅವರ ಬಾತು ಸಾಕಾಣಿಕಿ ಅಲ್ಲಿಗೆ ಮುಗೀತು. ನಮ್ಮದು ಅಲ್ಲಿಂದ ಶುರು.

ಕೋಳಿನ್ನ ಕೇಳಿ ಖಾರ ಅರೀತಾರೇನು ಅಂತ ಗಾದಿ ಐತೆಲ್ಲ? ಇಲ್ಲಿ ಕೋಳಿನ್ನೂ ಕೇಳೂದಿಲ್ಲ, ಕೋಳಿ ಸಾಕಿದಾಕಿನ್ನೂ ಕೇಳೂದಿಲ್ಲ.

ಬಾತಿನ ಮ್ಯಾಲ ನನಗ ಸಿಟ್ಟಿಲ್ಲ. ಚೊಲೋ ಪಕ್ಷಿ ಅದು. ಗಟ್ಟಿ ಜೀವ, ದೊಡ್ಡ ತತ್ತಿ. ನನ್ನ ಜಗಳ ಏನಿದ್ರೂ ಆ "ಒಂದ ಗೂಡು, ಒಂದ ಕಾಳು" ಅನ್ನೋ ಮಾತಿನ ಕೂಡ. ಒಂದು ಹಿತ್ತಲದಾಗ ಎರಡನ್ನೂ ಸಾಕಬಹುದು, ಒಂದು ಗೂಡಿನ್ಯಾಗ ಸಾಕಬಾರದು. ಮತ್ತ ನೀರು ಯಾರು ಹೊರ್ತಾರ ಅಂತ ತೀರ್ಮಾನ ಆಗೂತನಕ ಒಂದು ಬಾತಿನ ಮರಿನೂ ಹೊಸ್ತಲ ದಾಟಿ ಒಳಗ ಬರಬಾರದು. ಇಷ್ಟ ನಾ ಹೇಳೂದು. ಯಾಕ ಅಂತ ಒಂದೊಂದ ಬಿಡಿಸಿ ಹೇಳ್ತೀನಿ, ಕೇಳ್ರಿ.

ಮೊದಲ ನೀರಿನ ಲೆಕ್ಕ. ಒಂದು ಕೋಳಿ ದಿನಕ್ಕ ಹೆಚ್ಚುಕಡಿಮಿ ಕಾಲು ಲೀಟರ್ ನೀರು ಕುಡಿತೈತಿ, ಬ್ಯಾಸಗಿಯೊಳಗ ಇನ್ನಷ್ಟು. ಬಾತು ಅರ್ಧದಿಂದ ಒಂದು ಲೀಟರ್ ಕುಡಿತೈತಿ. ಕುಡಿಯೂದು ಅಷ್ಟ ಆಗಿದ್ರ ಹೆಂಗೋ ನಡೀತಿತ್ತು. ಆದ್ರ ಬಾತಿಗೆ ತಲಿ ಪೂರ್ತಿ ಮುಳುಗೂವಷ್ಟು ಆಳದ ನೀರು ಬೇಕ ಬೇಕು, ಮೂಗಿನ ತೂತು, ಕಣ್ಣು ತೊಳಕೊಳ್ಳಾಕ. ಅದು ಸಿಗದಿದ್ರ ಕಣ್ಣು ಗೀಜುಗಟ್ಟಿ ಅಂಟಿಕೊಳ್ತಾವು. ಕಾಳು ಒಂದು ತುತ್ತು, ನೀರು ಒಂದು ಗುಟುಕು, ಇದು ಬಾತಿನ ಊಟದ ಪದ್ಧತಿ. ಕೊಕ್ಕಿನ ತುಂಬ ಹಿಟ್ಟು ತಗೊಂಡು ಹೋಗಿ ನೀರಾಗ ಜಾಲಾಡ್ತೈತಿ. ಒಂದು ತಾಸಿನ್ಯಾಗ ತಿಳಿನೀರು ಅಂಬಲಿ ಆಗ್ತೈತಿ.

ಆರು ಬಾತು ಅಂತ ಹಿಡೀರಿ. ಒಂದು ಕೊಡ, ಅಂದ್ರ 15 ಲೀಟರ್ ಹಿಡಿಯೋ ಬುಟ್ಟಿಯೊಳಗ ನೀರಿಟ್ಟು ಮುಂಜಾನಿ ಒಮ್ಮೆ, ಸಂಜಿಗೊಮ್ಮೆ ಚೆಲ್ಲಿ ಬದಲಿ ಮಾಡಿದ್ರ 30 ಲೀಟರ್. ಕುಡಿಯಾಕ ಬ್ಯಾರೆ 5 ಲೀಟರ್. ದಿನಕ್ಕ 35, ವಾರಕ್ಕ 245. ಹಿತ್ತಲದಾಗ ಇಟ್ಟ 200 ಲೀಟರಿನ ಬ್ಯಾರಲ್ ಒಂದು ವಾರಕ್ಕ ಸಾಲೂದಿಲ್ಲ. ಈ ಲೆಕ್ಕ ವಿಡಿಯೋದಾಗ ಯಾರಾದ್ರೂ ಹೇಳ್ಯಾರೇನು? ಹೇಳೂದಿಲ್ಲ. ಯಾಕಂದ್ರ ಅಲ್ಲಿ ಬೋರಿನ ಪೈಪು ಶೆಡ್ಡಿನೊಳಗ ಬಂದಿರ್ತೈತಿ. ನಳಕ್ಕ ದಿನಾ ನೀರು ಬರದ ಊರಿನ್ಯಾಗ, ನೀರು ಬಂದ ದಿನ ನಿದ್ದಿಗೆಟ್ಟು ಕೊಡ, ಬಕೀಟು, ತಪೇಲಿ ಎಲ್ಲಾ ತುಂಬಿಸಿಟ್ಟುಕೊಳ್ಳೋ ಮನಿಯೊಳಗ ಈ 245 ಲೀಟರ್ ಯಾರ ನಡದ ಮ್ಯಾಲಿಂದ ಬರ್ತೈತಿ? ಅರಿವಿ ಒಗ್ಯಾಕ ಇಟ್ಟ ನೀರು ಬಾತಿಗೆ, ಆಮ್ಯಾಲ ಅರಿವಿಗೆ ಮತ್ತ ನಾಕು ಕೊಡ. ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ಕೈ ಯಾರದು, ಬಾಯಿ ಯಾರದು ಅಂತ ಯಾರೂ ಕೇಳೂದಿಲ್ಲ.

ಎರಡನೇದು ನೆಲದ ಮಾತು. ಬಾತು ಎಲ್ಲಿ ನೀರೈತೋ ಅಲ್ಲಿ ರಾಡಿ ಮಾಡ್ತೈತಿ. ಅದು ಅದರ ಗುಣ, ಬೈದ್ರ ಪ್ರಯೋಜನ ಇಲ್ಲ. ಮರಳ ನೆಲ ಆಗಿದ್ರ ನೀರು ಇಂಗಿ ಹೋಗ್ತೈತಿ. ಎರಿ ಮಣ್ಣಿನ ಹಿತ್ತಲದಾಗ ಒಂದು ಮಳಿ ಬಿದ್ರ ನಮ್ಮ ಚಪ್ಪಲಿನ ಕಿತ್ತು ಬರೂದಿಲ್ಲ, ಅದರ ಮ್ಯಾಲ ಆರು ಬಾತು ಓಡ್ಯಾಡಿದ್ರ ಕೇಳಬೇಕ? ಕೋಳಿಗೆ ಬೇಕಾಗಿದ್ದು ಇದರ ಪೂರ್ತಿ ಉಲ್ಟಾ. ಕೋಳಿ ಒಣ ಮಣ್ಣಿನ್ಯಾಗ ಹೊಳ್ಳ್ಯಾಡಿ ಮೈ ಸ್ವಚ್ಛ ಮಾಡಿಕೊಳ್ಳೋ ಪಕ್ಷಿ. ಅದರ ಸ್ನಾನ ಧೂಳಿಂದು, ಬಾತಿನ ಸ್ನಾನ ನೀರಿಂದು. ಇವೆರಡನ್ನ ಒಂದ ಗೂಡಿನ್ಯಾಗ ಹಾಕೂದಂದ್ರ ಹಪ್ಪಳ ಒಣಗಿಸೋ ಮಾಳಿಗಿ ಮ್ಯಾಲನ ಬಟ್ಟಿ ಒಗದಂಗ.

ರಾತ್ರಿ ಸಂಕಟ ಬ್ಯಾರೆ. ಕೋಳಿ ಕತ್ತಲಾದ ಕೂಡ್ಲೆ ಎತ್ತರದ ಕೋಲಿನ ಮ್ಯಾಲ ಹತ್ತಿ ಕುಂದರ್ತೈತಿ, ಬೆಳಕು ಹರಿಯೂತನಕ ಅಲ್ಲಾಡೂದಿಲ್ಲ. ಬಾತು ನೆಲದ ಮ್ಯಾಲ ಮಲಗ್ತೈತಿ, ನಡುರಾತ್ರಿ ಎದ್ದು ಗದ್ಲಾ ಮಾಡ್ತೈತಿ, ನೀರಿದ್ರ ಚೆಲ್ಲಾಡ್ತೈತಿ. ಮ್ಯಾಲಿನ ಕೋಳಿ ಹಿಕ್ಕಿ ಕೆಳಗಿನ ಬಾತಿನ ಬೆನ್ನ ಮ್ಯಾಲ, ಕೆಳಗಿನ ಬಾತಿನ ಹಸಿ ಮ್ಯಾಲಿನ ಕೋಳಿ ಮೂಗಿಗೆ. ಮುಂಜಾನಿ ಬಾಗಲಾ ತಗದ್ರ ಕಣ್ಣಿಗೆ ಖಾರ ಹೊಡದಂಗ ನಾತ ಬರ್ತೈತೆಲ್ಲ, ಅದು ಅಮೋನಿಯಾ. ನಮಗ ಎರಡು ನಿಮಿಷ ನಿಂದ್ರಾಕ ಆಗೂದಿಲ್ಲ, ಕೋಳಿ ಇಡೀ ರಾತ್ರಿ ಅದನ್ನ ಉಸಿರಾಡ್ತೈತಿ. ಅದಕ್ಕ ನೆಗಡಿ, ಗೊರಗೊರ ಶುರು ಆಗೂದು.

ಇನ್ನ ರಕ್ತಭೇದಿ. ಮರಿ ಮುದುಡಿ ಕುಂತು ಕೆಂಪು ಹಿಕ್ಕಿ ಹಾಕಿ ಸಾಯ್ತಾವಲ್ಲ, ಅದಕ್ಕ ಕಾಕ್ಸಿಡಿಯಾ ಅನ್ನೋ ಕಣ್ಣಿಗೆ ಕಾಣದ ಜೀವಿ ಕಾರಣ. ಅದರ ತತ್ತಿ ಹಿಕ್ಕಿಯೊಳಗ ಹೊರಗ ಬೀಳ್ತೈತಿ, ಬಿದ್ದ ಕೂಡ್ಲೆ ಏನೂ ಮಾಡೂದಿಲ್ಲ. ಹಸಿ ಮತ್ತು ಬೆಚ್ಚಗಿನ ಜಾಗಾ ಸಿಕ್ರ ಒಂದೆರಡು ದಿನದಾಗ ಬಲ್ತು ರೋಗ ಹಚ್ಚಾಕ ತಯಾರಾಗ್ತೈತಿ. ಒಣ ಹೊಟ್ಟಿನ್ಯಾಗ ಅದಕ್ಕ ಅಷ್ಟು ಬಲ ಬರೂದಿಲ್ಲ. ಅಂದ್ರ ಬಾತು ಕೋಳಿಗೆ ಈ ರೋಗಾ ಹಚ್ಚೂದಿಲ್ಲ, ರೋಗಕ್ಕ ಹಾಸಿಗಿ ಹಾಸಿ ಕೊಡ್ತೈತಿ. ಸತ್ತ ಕೋಳಿಮರಿ ನೋಡಿ "ನಿನಗ ನೋಡಿಕೊಳ್ಳಾಕ ಬರೂದಿಲ್ಲ" ಅಂತ ಮನಿಯೊಳಗ ಬೈಸ್ಕೊಳ್ಳೋರು ಮಾತ್ರ ನಾವು.

ಮೂರನೇದು ಕಾಳು. "ಒಂದ ಕಾಳು" ಅನ್ನೋದಕ್ಕಿಂತ ದೊಡ್ಡ ಸುಳ್ಳಿಲ್ಲ. ಬಾತಿನ ಮರಿಗೆ ನಯಾಸಿನ್ ಅನ್ನೋ ಬಿ ಗುಂಪಿನ ಜೀವಸತ್ವ ಕೋಳಿಮರಿಗಿಂತ ಭಾಳ ಹೆಚ್ಚು ಬೇಕು. ಬರೇ ಗೋವಿನಜ್ವಾಳದ ನುಚ್ಚು ಹಾಕಿ ಬೆಳಸಿದ ಬಾತಿನ ಮರಿ ನೋಡ್ರಿ, ಕಾಲು ಬಿಲ್ಲಿನಂಗ ಬಾಗಿರ್ತಾವು, ಮೊಣಕಾಲ ಊದಿರ್ತಾವು, ಕುಂತ ಕುಂತಲ್ಲೇ ತೆವಳ್ತಾವು. "ಹುಟ್ಟಾ ಕುಂಟು" ಅಂತ ಹೇಳಿ ಬಿಡ್ತಾರ. ಹುಟ್ಟಾ ಅಲ್ಲ, ಗೋವಿನಜ್ವಾಳದಾಗ ಇದ್ದ ನಯಾಸಿನ್ ಮೈಗೆ ಹತ್ತೂದಿಲ್ಲ, ಅದಕ್ಕ. ಅಕ್ಕಿ ತೌಡು, ಒಣ ಮೀನಿನ ಪುಡಿ, ನೆನಸಿದ ಬಟಾಣಿ, ಒಂದು ಚಿಟಿಕಿ ಈಸ್ಟ್ ಬೆರೆಸಿ ಮೊದಲಿಂದ ಕೊಟ್ರ ಕಾಲು ನೆಟ್ಟಗಿರ್ತಾವು.

ಕಾಳಿನ ಮಾತಿಗೆ ಇನ್ನೊಂದು. ನಮ್ಮ ಹಾವೇರಿ ಜಿಲ್ಲಾ ಗೋವಿನಜ್ವಾಳದ ಜಿಲ್ಲಾ. ಮಳಿಗೆ ತೊಯ್ದು ಬೂಷ್ಟು ಹಿಡದ ತೆನಿ ಎಲ್ಲಾರ ಮನಿಯೊಳಗೂ ಇರ್ತೈತಿ. "ನಮಗ ಬ್ಯಾಡ, ಕೋಳಿಗೆ ಹಾಕು" ಅನ್ನೋದು ರೂಢಿ. ಆ ಬೂಷ್ಟಿನ್ಯಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟತೈತಿ, ಅದು ಲಿವರ್ ತಿಂದು ಹಾಕ್ತೈತಿ. ಈ ವಿಷ ಜಗತ್ತಿಗೆ ಗೊತ್ತಾಗಿದ್ದ ಪಕ್ಷಿ ಸತ್ತು. 1960ರಾಗ ಇಂಗ್ಲೆಂಡಿನ್ಯಾಗ ಲಕ್ಷದಷ್ಟು ಟರ್ಕಿ ಕೋಳಿ ಸತ್ತವು, ಬಾತಿನ ಮರಿನೂ ಸತ್ತವು. ಹುಡುಕಿದ್ರ ಕಾರಣ ಬೂಷ್ಟು ಹಿಡದ ಶೇಂಗಾ ಹಿಂಡಿ. ಮನಿಯೊಳಗ ಸಾಕೋ ಪಕ್ಷಿಗಳೊಳಗ ಈ ವಿಷಕ್ಕ ಎಲ್ಲಕ್ಕಿಂತ ಮೊದಲ ಬೀಳೂದು ಬಾತಿನ ಮರಿ. ಕೋಳಿ ಹೆಂಗೋ ತಡಕೊಂಡ ಕಾಳು ಬಾತಿಗೆ ಮಣ್ಣು ಕೊಡ್ತೈತಿ. ಬೂಷ್ಟು ಹಿಡದದ್ದನ್ನ ಯಾವುದಕ್ಕೂ ಹಾಕಬಾರದು, ಬಾತಿಗಂತೂ ತಪ್ಪಿನೂ ಹಾಕಬಾರದು.

ನಾಕನೇ ಮಾತು ಹೇಳಾಕ ನಾಚಿಕಿ ಪಟ್ಕೊಂಡು ಎಲ್ಲಾರೂ ಬಿಟ್ಟು ಬಿಡ್ತಾರ. ನಾ ಹೇಳ್ತೀನಿ. ಗಂಡು ಬಾತಿನ ಅಂಗರಚನಾ ಹುಂಜದಂಗ ಅಲ್ಲ. ಹೆಣ್ಣು ಬಾತು ಕಡಿಮಿ ಇದ್ರ ಗಂಡು ಬಾತು ಕೋಳಿ ಬೆನ್ನು ಹತ್ತತೈತಿ, ಹ್ಯಾಂಟಿಗೆ ಒಳಗ ಗಾಯ ಆಗ್ತೈತಿ, ಎಷ್ಟೋ ಸಲ ಸಾಯ್ತೈತಿ. ಒಂದು ಗಂಡಿಗೆ ಐದಾರು ಹೆಣ್ಣು ಬೇಕು. ಡಬ್ಬಿಯೊಳಗ ತಂದ ಹತ್ತು ಮರಿಯೊಳಗ ಗಂಡೆಷ್ಟು ಹೆಣ್ಣೆಷ್ಟು ಅಂತ ತಂದೋರಿಗೂ ಗೊತ್ತಿಲ್ಲ, ಕೊಟ್ಟೋರಿಗೂ ಗೊತ್ತಿಲ್ಲ. ದೊಡ್ಡವಾದ ಮ್ಯಾಲ ಗುರುತು ಸುಲಭ: ಹೆಣ್ಣು ಜೋರಾಗಿ ಕ್ವಾಕ್ ಅಂತೈತಿ, ಗಂಡಿನ ದನಿ ಗಂಟಲ ಕಟ್ಟಿದಂಗ, ಬಾಲದ ಮ್ಯಾಲ ಸುರುಳಿ ಪುಕ್ಕ. ತತ್ತಿಗೆ ಅಷ್ಟ ಸಾಕೋರಿಗೆ ಗಂಡು ಬಾತು ಬೇಕಾಗೇ ಇಲ್ಲ. ಗಂಡಿಲ್ಲದನೂ ಹೆಣ್ಣು ಬಾತು ತತ್ತಿ ಇಡ್ತೈತಿ, ಮರಿ ಆಗೂದಿಲ್ಲ ಅಷ್ಟ.

ಐದನೇದು ದೊಡ್ಡ ರೋಗದ ಮಾತು. 2006ರ ಫೆಬ್ರುವರಿಯೊಳಗ ಮಹಾರಾಷ್ಟ್ರದ ನವಾಪುರದಾಗ ನಮ್ಮ ದೇಶದಾಗ ಮೊದಲ ಸಲ ಹಕ್ಕಿಜ್ವರ ಕಂಡಿತು. 2012ರಾಗ ನಮ್ಮ ರಾಜ್ಯದ ಹೆಸರಘಟ್ಟದಾಗ ಟರ್ಕಿ ಕೋಳಿಗೆ ಬಂತು. 2014ರಾಗ ಕೇರಳದ ಕುಟ್ಟನಾಡಿನ್ಯಾಗ ಬಾತಿನ ಹಿಂಡಿಗೇ ಬಡೀತು. ಎಷ್ಟೋ ಸಲ ಬಾತು ಈ ರೋಗ ಒಳಗಿಟ್ಕೊಂಡು ಮ್ಯಾಲ ಆರಾಮ ಓಡ್ಯಾಡ್ತೈತಿ, ಕೋಳಿ ಮಾತ್ರ ಎರಡು ದಿನದಾಗ ನೆಲ ಹಿಡಿತೈತಿ. ನಮ್ಮ ಪಕ್ಕದ ಗದಗ ಜಿಲ್ಲಾದ ಮಾಗಡಿ ಕೆರಿಗೆ ಚಳಿಗಾಲ ಬಂತಂದ್ರ ಹಿಮಾಲಯದ ಆಚಿಂದ ಪಟ್ಟೆತಲಿ ಹೆಬ್ಬಾತು ಹಿಂಡ್ ಹಿಂಡ್ ಬರ್ತಾವು, 2024ರಾಗ ಆ ಕೆರಿಗೆ ರಾಮ್ಸರ್ ಮಾನ್ಯತಾನೂ ಸಿಕ್ಕೈತಿ. ಹಕ್ಕಿ ಬರೂದು ನಮ್ಮ ಭಾಗ್ಯ, ಅವುಗಳ ಮ್ಯಾಲ ಗೂಬಿ ಕುಂದರಸಬ್ಯಾಡ್ರಿ. ಆದ್ರ ಮನಿ ಬಾತನ್ನ ಕೆರಿಗೆ ಬಿಟ್ಟು, ಕಾಡುಹಕ್ಕಿ ಕೂಡ ಮೇಯಿಸಿ, ಸಂಜಿಗೆ ತಂದು ಕೋಳಿ ಮಗ್ಗಲ ಮಲಗಿಸೂದು ಸರಿ ಅಲ್ಲ. ಒಂದು ಊರಾಗ ರೋಗ ಖಾತ್ರಿ ಆತಂದ್ರ ಸುತ್ತ 1 ಕಿಲೋಮೀಟರಿನೊಳಗಿನ ಕೋಳಿ, ಬಾತು ಎಲ್ಲಾ ಕೊಲ್ಲಬೇಕಾಗ್ತೈತಿ. ನಮ್ಮದಷ್ಟ ಅಲ್ಲ, ಆಚಿಮನಿ ಮುದುಕಿ ಸಾಕಿದ ಎರಡು ಹ್ಯಾಂಟಿನೂ ಹೋಗ್ತಾವು.

ಇಷ್ಟು ಹೇಳಿದ್ರ ಹಿರೇರು ಒಂದು ಮಾತು ತಗೀತಾರ: "ಹಿಂದಕ ಎಲ್ಲಾ ಕೂಡೇ ಇರ್ತಿದ್ವು, ಏನಾಗಿತ್ತು?" ಹಿಂದಕ ಕೂಡಿ ಇರ್ತಿದ್ವು ಖರೆ, ಕೂಡಿ ಹಾಕಿರ್ತಿರಲಿಲ್ಲ. ಕೋಳಿ ಗಿಡದ ಮ್ಯಾಲ ಇಲ್ಲಾ ಬುಟ್ಟಿ ಕೆಳಗ, ಬಾತು ಕೆರಿ ದಂಡಿ ಮ್ಯಾಲ. ಹಗಲಿನ್ಯಾಗ ತಿಪ್ಪಿ ಕಡೆ ಮಾರಿ ನೋಡ್ಕೊಂಡ್ರ ನೋಡ್ಕೊಂಡ್ವು. ಈಗಿನಂಗ ತಗಡಿನ ಹತ್ತು ಫೂಟ್ ಡಬ್ಬಿಯೊಳಗ ಎರಡನ್ನೂ ತುಂಬಿ ಜಾಳಗಿ ಬಡೀತಿರಲಿಲ್ಲ. ಈಗಲೂ ಬಾತು ಎಲ್ಲಿ ಚಂದ ಬದುಕತಾವು ನೋಡ್ರಿ. ಗಂಗಾವತಿ, ಸಿರಗುಪ್ಪ ಕಡೆ ತುಂಗಭದ್ರಾ ಕಾಲುವಿ ಕೆಳಗ ಭತ್ತ ಕೊಯ್ದ ಗದ್ದಿಯೊಳಗ ಹಿಂಡ್ ಹಿಂಡ್ ಬಾತು ಮೇಯಿಸ್ತಾರ. ಉದುರಿದ ಭತ್ತ, ಹುಳಾ, ಶಂಖದ ಹುಳಾ ತಿಂದ ಹೊಟ್ಟಿ ತುಂಬಸ್ಕೊಳ್ತಾವು, ನೀರು ಕಾಲುವಿಯೊಳಗ ತಾನ ಹರಿತೈತಿ, ಯಾರೂ ಕೊಡ ಹೊರೂದಿಲ್ಲ. ನಮ್ಮ ಜಿಲ್ಲಾದಾಗೂ ಹಾನಗಲ್ಲ ಕಡೆ ಕೆರಿ, ಭತ್ತದ ಗದ್ದಿ ಇದ್ದೋರು ಸಾಕಿದ್ರ ಅದಕ್ಕೊಂದು ಅರ್ಥ ಐತಿ. ಸವಣೂರ ಓಣಿಯೊಳಗ ಗೋಡಿಗೆ ಗೋಡಿ ಹತ್ತಿದ ಹಿತ್ತಲಕ್ಕ ಆ ಲೆಕ್ಕ ಹಚ್ಚಬ್ಯಾಡ್ರಿ.

ಇನ್ನೊಂದು ಕಡಿಂದ ಬಾತು ಅಂದ್ರ ಹೊಲಸು, ಸೊಳ್ಳಿ ಆಗ್ತಾವು, ಓಣಿಯೊಳಗ ಇಡಬಾರದು ಅನ್ನೋರು ಬರ್ತಾರ. ಅವರ ಮಾತೂ ನನಗ ಒಪ್ಪಿಗಿಲ್ಲ. ಸೊಳ್ಳಿ ತತ್ತಿಯಿಂದ ರೆಕ್ಕಿ ಬಂದು ಹಾರಾಕ ಹೆಚ್ಚುಕಡಿಮಿ ಒಂದು ವಾರ ನಿಂತ ನೀರು ಬೇಕು. ದಿನಾ ಎರಡು ಸಲ ಚೆಲ್ಲೋ ಬುಟ್ಟಿಯೊಳಗ ಸೊಳ್ಳಿ ಎಲ್ಲಿಂದ ಹುಟ್ಟಬೇಕು? ತಿಂಗಳಗಟ್ಲೆ ನಿಂತ ಗಟಾರ ಬಿಟ್ಟು ನಮ್ಮ ಬುಟ್ಟಿ ಮ್ಯಾಲ ಕಣ್ಣು ಬೀಳೂದು ಯಾಕ? ಹೊಲಸು ಬಾತಿಂದಲ್ಲ, ಬದಲಿ ಮಾಡದ ನೀರಿಂದು.

ಹಂಗಾರ ಹೆಂಗ ಸಾಕಬೇಕು? ಬಾತಿಗೆ ಬ್ಯಾರೆ ಗೂಡು, ಹಿತ್ತಲದ ತಗ್ಗಿನ ಕಡೆ. ಎತ್ತರದ ಗೂಡು ಬ್ಯಾಡ, ಕೋಲೂ ಬ್ಯಾಡ. ನೆಲಕ್ಕ ಭತ್ತದ ಹೊಟ್ಟು, ಸುತ್ತ ಗಟ್ಟಿ ಜಾಳಗಿ, ಮುಂಗಲಿ ನುಗ್ಗದಂಗ. ರಾತ್ರಿ ಗೂಡಿನೊಳಗ ಕಾಳೂ ಬ್ಯಾಡ, ನೀರೂ ಬ್ಯಾಡ. ಕೋಳಿ ಗೂಡು ಎತ್ತರದ ಒಣ ಕಡೆ. ಕೋಳಿ ನೀರು, ಕಾಳು ಕೋಳಿ ಗೂಡಿನೊಳಗ, ಬಾತು ಮುಟ್ಟದಂಗ. ಬಾತಿನ ಬುಟ್ಟಿ ಬಾಳಿಗಿಡದ ಬುಡದಾಗ ಇಡ್ರಿ. ಚೆಲ್ಲಿದ ನೀರು ಗೊಬ್ಬರದ ನೀರು, ಇವತ್ತು ಬಾಳಿಗೆ, ನಾಳಿ ತೆಂಗಿಗೆ, ನಾಡದು ಕರಿಬೇವಿಗೆ. ಹೊತ್ತ ನೀರು ಎರಡು ಸಲ ದುಡೀಲಿ. ಹಗಲಿನ್ಯಾಗ ಎರಡೂ ಹಿತ್ತಲದಾಗ ಅಡ್ಡಾಡ್ಲಿ, ಜಾಗಾ ಇದ್ರ ತಮ್ಮ ಪಾಡಿಗೆ ತಾವಿರ್ತಾವು. ಕೋಳಿ ಕಾಲಿಂದ ಕೆದರಿ ಪಾತಿ ಹಾಳ ಮಾಡ್ತೈತಿ, ಬಾತು ಕೆದರೂದಿಲ್ಲ, ಆದ್ರ ಮೆಂತೆ, ಪಾಲಕದ ಎಳಿ ಸಸಿ ಕಂಡ್ರ ಬಿಡೂದಿಲ್ಲ, ತುಳೀತೈತಿ. ಎಲಿಬಳ್ಳಿ ಇದ್ದ ಕಡೆ ಎರಡನ್ನೂ ಬಿಡಬ್ಯಾಡ್ರಿ. ಸವಣೂರ ಎಲಿ ಹಸೀದ ಬಾಯಿಗೆ ಹೋಗೋ ವಸ್ತು, ಕೆಳಗಿನ ಎಲಿಗೆ ಹಿಕ್ಕಿ ಸಿಡಿಬಾರದು.

ಬಾತು ಬಹಳ ಮಾಡಿ ಬೆಳಗಿನ ಜಾವಕ್ಕ ತತ್ತಿ ಇಡ್ತೈತಿ. 9 ಗಂಟೆತನಕ ಗೂಡಿನೊಳಗ ಇಟ್ರ ತತ್ತಿ ಕೈಗೆ ಸಿಗ್ತಾವು, ಇಲ್ಲಂದ್ರ ಹಿತ್ತಲೆಲ್ಲಾ ಹುಡುಕ್ಯಾಟ. ಖಾಕಿ ಕ್ಯಾಂಪ್‌ಬೆಲ್ ಬಾತು ಚೊಲೋ ನೋಡಿಕೊಂಡ್ರ ವರ್ಷಕ್ಕ 250ಕ್ಕೂ ಹೆಚ್ಚು ಇಡ್ತೈತಿ. ನಮ್ಮ ಜವಾರಿ ಕೋಳಿ 60–70 ಇಟ್ರ ಹೆಚ್ಚು. ಆದ್ರ ಆ ಕ್ಯಾಂಪ್‌ಬೆಲ್‌ಗೆ ಕಾವಿಗೆ ಕುಂದ್ರೂದು ಮರತ ಹೋಗೇತಿ. ಅದರ ತತ್ತಿ ಮರಿ ಆಗಬೇಕಂದ್ರ ನಮ್ಮ ಜವಾರಿ ಹ್ಯಾಂಟಿನ ಬೇಕು, ಅದೂ 21 ದಿನಕ್ಕಲ್ಲ, 28 ದಿನ. ಒಂದು ವಾರ ಹೆಚ್ಚಿಗಿ ಕುಂತು ಪರರ ಮಕ್ಕಳನ್ನ ತಗೀತೈತಿ ಪಾಪ. ಈ ಕ್ಯಾಂಪ್‌ಬೆಲ್ ತಳಿ ಮಾಡಿದಾಕಿನೂ ಒಬ್ಬಾಕಿ ಹೆಣ್ಣಮಗಳ, ಇಂಗ್ಲೆಂಡಿನ ಅಡೆಲ್ ಕ್ಯಾಂಪ್‌ಬೆಲ್, ನೂರಾ ಇಪ್ಪತ್ತು ವರ್ಷದ ಹಿಂದ. ಬಾತು ಸಾಕೂದು ಹೆಂಗಂತ ನಮಗ ಮೊಬೈಲ್ ಹಿಡದು ಕಲಸಾಕ ಬರೋರು ಇದನ್ನ ಸೊಲ್ಪ ನೆನಪಿಟ್ಟುಕೊಳ್ಳಲಿ.

ಕೋಳಿಗೆ ಕೊಕ್ಕರಿ ರೋಗದ ಲಸಿಕಿ ತಪ್ಪಸಬ್ಯಾಡ್ರಿ. ಮರಿಗೆ 5ರಿಂದ 7ನೇ ದಿನಕ್ಕ ಕಣ್ಣಿಗೆ ಹನಿ, ಎಂಟು ವಾರದ ಸುಮಾರಿಗೆ ಚುಚ್ಚುಮದ್ದು. ಒಂದು ಸೀಸೆ ಒಡದ್ರ ನೂರಕ್ಕೂ ಹೆಚ್ಚು ಕೋಳಿಗೆ ಆಗ್ತೈತಿ, ಬೆರೆಸಿದ ಮ್ಯಾಲ ಒಂದೆರಡು ತಾಸಿನ್ಯಾಗ ಮುಗಿಸಬೇಕು. ಆರು ಕೋಳಿಗೆ ಯಾರು ತರ್ತಾರ ಅಂತ ಕೈ ಬಿಡೂದಕ್ಕಿಂತ ಓಣಿ ಹೆಣ್ಣಮಕ್ಕಳು ಒಂದ ದಿನ ಗೊತ್ತು ಮಾಡಿ ಕೂಡಿ ಹಾಕಿಸ್ರಿ. ಬಾತಿನ ತತ್ತಿ ಮೂಲವ್ಯಾಧಿಗೆ ಔಷಧ ಅಂತ ಕೇಳಿಕೊಂಡು ಬರ್ತಾರ, ಹಂಗ ಹೇಳಿ ಮಾರಬ್ಯಾಡ್ರಿ. ಪೂರ್ತಿ ಬೇಯಿಸಿ ತಿನ್ರಿ ಅಂತ ಹೇಳಿ ಮಾರ್ರಿ.

ಕೊನೀಗೆ ರೊಕ್ಕದ ಮಾತು. ಕೋಳಿ ತತ್ತಿ ಮಾರಿದ ರೊಕ್ಕ ನಮ್ಮಂಥೋರ ಸಾಸಿವಿ ಡಬ್ಬಿಯೊಳಗಿನ ರೊಕ್ಕ. ಮೊಮ್ಮಗಳ ಕೈಗೆ ಹತ್ತು ರೂಪಾಯಿ ಇಡಾಕ, ತವರಮನಿಗೆ ಹೋಗಾಕ ಬಸ್ಸಿಗೆ, ಯಾರ ಕಡೆನೂ ಕೈ ಚಾಚದ ಬದಕಾಕ ಇದ್ದದ್ದು ಅದೊಂದ. ಒಂದ ಗೂಡಿನ ಹುಚ್ಚಿಗೆ ಎಂಟು ಹ್ಯಾಂಟಿ ಸತ್ರ ಮನಿ ಲೆಕ್ಕದಾಗ ಅದು ಎಲ್ಲೂ ಕಾಣೂದಿಲ್ಲ, ಸಾಸಿವಿ ಡಬ್ಬಿಗೆ ಮಾತ್ರ ಗೊತ್ತಾಗ್ತೈತಿ.

ಅದಕ್ಕ ಅಕ್ಕತಂಗ್ಯಾರ, ರಟ್ಟಿನ ಡಬ್ಬಿ ಬಾಗಲಕ್ಕ ಬಂದಾಗ ಮೂರು ಮಾತು ಕೇಳ್ರಿ. ಎರಡನೇ ಗೂಡು ಎಲ್ಲೈತಿ? ಮುಂಜಾನಿ ಕೊಡ ನಂದಾದ್ರ, ಸಂಜಿ ಕೊಡ ಯಾರದು? ಬಾತಿನ ತತ್ತಿ ರೊಕ್ಕ ಯಾರ ಕೈಗೆ? ಮೂರಕ್ಕೂ ನೆಟ್ಟಗ ಉತ್ತರ ಸಿಕ್ರ ಡಬ್ಬಿ ಒಳಗ ತಗೋರಿ. ಸಿಗದಿದ್ರ, ತಂದೋರ ಕೈಯಾಗ ವಾಪಸ್ ಕೊಡ್ರಿ. ಮರಿಗೂ ಪುಣ್ಯ, ಕೋಳಿಗೂ ಪುಣ್ಯ, ನಿಮ್ಮ ನಡಕ್ಕೂ ಪುಣ್ಯ.